ಈರಕ್ಕನ ಹಳೇ ಇದ್ದಿಲು

ಈರಕ್ಕನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಮೇಲೇ ಸಿಟ್ಟು ಬರುತ್ತದೆ. ಅದಕ್ಕೇ ನನ್ನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಾನು ಓಂಕಾರಮೂರ್ತಿ, ಅಜ್ಜಂಪುರದಲ್ಲಿ ಐದಾರು ವರ್ಷ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಮಲೇರಿಯಾ ಪರೀಕ್ಷೆಗೆ ಬೆರಳು ಚುಚ್ಚುವುದು, ಸಂತೆಯಲ್ಲಿ ನೊಣ ಕೂತ ಬತ್ತಾಸು ಮಾರುವವರ ಜೊತೆ ಜಗಳ ಆಡುವುದು ನನ್ನ ಕೆಲಸ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು ನನ್ನ ಚಾಳಿ. ಸರ್ಕಾರ ಸಂಬಳ ಕೊಡುತ್ತಿದ್ದುದು ಅದಕ್ಕೇ ಎಂದು ತಿಳಿದಿದ್ದೆ.

ಈರಕ್ಕ ಗೇಟ್‌ಹಟ್ಟಿಯ ಇದ್ದಿಲು ಮಾರುವವಳು. ಬೀರೂರಿನಿಂದ ಅಜ್ಜಂಪುರಕ್ಕೆ ಬರುವ ರೈಲುಹಳಿಗೆ ಒಂದು ಗೇಟು, ಗೇಟಿನ ಪಕ್ಕ ಇಪ್ಪತ್ತೆರಡು ಮನೆ, ನಡುವೆ ಒಂದೇ ಬಾವಿ. ಹಟ್ಟಿ ಅಂದರೆ ಅಷ್ಟೆ. ಅವಳು ಹುಟ್ಟಿದ್ದು ಲಕ್ಕವಳ್ಳಿಯ ಕಾಡಂಚಿನಲ್ಲಿ, ಇದ್ದಿಲು ಸುಡುವವನ ಮಗಳಾಗಿ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವಲ್ಲ, ಆಗ ಅವಳಪ್ಪನ ಇದ್ದಿಲಿಗೆ ಭಾರಿ ಬೇಡಿಕೆ ಇತ್ತಂತೆ. "ನಮ್ಮಪ್ಪ ಇಲ್ದಿದ್ರೆ ತರೀಕೆರೆ ಬಸ್ಸು ತರೀಕೆರೇಲೇ ನಿಂತ್ಕಂಡಿರೋದು ಕಣ್ರೀ" ಎಂದು ಅವಳು ಹೇಳದ ದಿನವಿಲ್ಲ.

ಅವಳು ಇದ್ದಿಲು ಸುಡುವುದನ್ನು ನಾನು ಕೂತು ನೋಡಿದ್ದೇನೆ. ಗುಂಡಿಯಲ್ಲಿ ಜಾಲಿ ಕೊರಡು ಒಟ್ಟಿ, ಮೇಲೆ ಹಸಿಸೊಪ್ಪು ಹರಡಿ, ಮಣ್ಣು ಮುಚ್ಚಿ, ಗಾಳಿಗೆ ಒಂದೇ ಒಂದು ಕಿಂಡಿ ಬಿಟ್ಟು ಬೆಂಕಿ ಇಡುತ್ತಿದ್ದಳು. ಹೊಗೆ ಬೆಳ್ಳಗಿದ್ದರೆ ಒಳಗೆ ಇನ್ನೂ ಹಸಿ. ತೆಳ್ಳಗೆ ನೀಲಿಗೆ ತಿರುಗಿತೋ, ಕಿಂಡಿ ಮುಚ್ಚಬೇಕು. ಒಂದು ಗಳಿಗೆ ತಡವಾದರೆ ಎಲ್ಲ ಬೂದಿ. ಆರಿದ ಮೇಲೆ ಎರಡು ತುಂಡು ತೆಗೆದು ಒಂದಕ್ಕೊಂದು ತಟ್ಟಿ ಕಿವಿಗೆ ಹಿಡಿಯುವಳು. ಟಣ್ ಎಂದರೆ ಮಾರಾಟಕ್ಕೆ, ಡಬ್ ಎಂದರೆ ಮನೆಯ ಒಲೆಗೆ. ಬೀರೂರಿನ ಇಸ್ತ್ರಿಯವರು, ಅಕ್ಕಸಾಲಿಗರು, ಸ್ಟೇಷನ್ ಎದುರಿನ ಹೋಟೆಲಿನವರು ಅವಳ ಗಿರಾಕಿಗಳು. ಮೂಟೆಯನ್ನು ಪ್ಯಾಸೆಂಜರ್ ಗಾಡಿಗೆ ಹಾಕಿ ಅದರ ಮೇಲೇ ಕೂತು ಹೋಗುತ್ತಿದ್ದಳು. ಮೂಟೆಗೂ ಟಿಕೆಟ್ ತಗೋ ಎಂದ ಟಿಸಿಗೆ, "ಯಾಕಪ್ಪಾ, ಮೂಟೆ ಏನ್ ಕಿಟ್ಕಿ ಪಕ್ಕ ಜಾಗ ಕೇಳ್ತಾ?" ಎಂದವಳು. ಅಂಥ ಬಾಯಿ.

ಆ ಬಾಯಿ ಒಂದು ವಿಷಯಕ್ಕೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಒಬ್ಬಳೇ ಮಗಳು ಅಂಜಿನಮ್ಮ. ಗಂಡ ತೀರಿಕೊಂಡ ಮೇಲೆ ಮಗಳನ್ನು ದೂರ ಕಳಿಸಲಾರದೆ ರೈಲ್ವೆ ಗ್ಯಾಂಗ್‌ಮನ್ ಬೀರಯ್ಯನನ್ನು ಮನೆ ಅಳಿಯನಾಗಿ ತಂದುಕೊಂಡಿದ್ದಳು. ಅಂಜಿನಮ್ಮನಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಐದನೇ ತಿಂಗಳಿಗೆ ಹೋಯಿತು. ಎರಡನೇ ಸಲ ಹೋದಾಗ, ೧೯೮೧ರಲ್ಲಿ, ನಾನು ಆ ಊರಿಗೆ ಹೊಸಬ. "ಗಟ್ಟಿಮುಟ್ಟಾದ ಹೆಂಗಸು, ಯಾಕೆ ಹೀಗಾಗುತ್ತಿದೆ ಈರಕ್ಕ?" ಎಂದು ಕೇಳಿದ್ದಕ್ಕೆ ಅವಳು ಮುಖ ತಿರುಗಿಸಿ ಇದ್ದಿಲು ಆರಿಸತೊಡಗಿದಳು.

ಕಾರಣ ಗೊತ್ತಾಗಿದ್ದು ಕುರಿಗಳಿಂದ. ಹಟ್ಟಿಯ ಮೇಲ್ಗಡೆ, ಹಳಿ ಪಕ್ಕ, ಒಂದು ತಗಡಿನ ಶೆಡ್ಡಿತ್ತು. ಎಲ್ಲಿಂದಲೋ ಬಂದವನೊಬ್ಬ ಎಪ್ಪತ್ತೇಳು ಎಪ್ಪತ್ತೆಂಟರಲ್ಲಿ ಅಲ್ಲಿ ಹಳೇ ಲಾರಿ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ. ಆಸಿಡ್ಡನ್ನು ನೆಲಕ್ಕೆ ಚೆಲ್ಲಿದ, ಕಪ್ಪು ಬೂದಿಯನ್ನು ಗುಡ್ಡೆ ಹಾಕಿದ, ಎರಡು ವರ್ಷ ಬಿಟ್ಟು ತಗಡು ಕೂಡ ಬಿಚ್ಚಿಕೊಂಡು ಮಾಯವಾದ. ಬೂದಿ ಅಲ್ಲೇ ಉಳಿಯಿತು. ಮಳೆ ಬಂದಾಗಲೆಲ್ಲ ಅದು ಇಳಿಜಾರಿನ ಬಾವಿಗೆ ಇಳಿಯಿತು. ಎಂಬತ್ತೆರಡರಲ್ಲಿ ಆ ಜಾಗದಲ್ಲಿ ಮೇದ ಹದಿನಾರು ಕುರಿ ಕಣ್ಣು ಕಾಣದೆ ಸಿಕ್ಕಸಿಕ್ಕಲ್ಲಿ ತಲೆ ಗುದ್ದಿಕೊಂಡು ಬಿದ್ದು ಸತ್ತವು. ದನದ ಡಾಕ್ಟರು ಸೀಸದ ಅನುಮಾನ ಪಟ್ಟರು. ನಾನು ಬಾವಿಯ ನೀರನ್ನು ಬಾಟಲಿಗೆ ತುಂಬಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ.

ನಾಲ್ಕು ತಿಂಗಳಿಗೆ ಉತ್ತರ ಬಂತು. ನೀರಿನಲ್ಲಿ ಸೀಸ ಇದೆ, ಕುಡಿಯಲು ಯೋಗ್ಯವಲ್ಲ, ಬಸುರಿಯರಿಗಂತೂ ಗರ್ಭ ಇಳಿಸುವ ವಿಷ. ಕೆಳಗೆ ಯಾರೋ ಪುಣ್ಯಾತ್ಮ ಕೆಮಿಸ್ಟು ಕೈಬರಹದಲ್ಲಿ ನಾಲ್ಕು ಸಾಲು ಬರೆದಿದ್ದ: ಬೇರೆ ನೀರು ಸಿಗುವವರೆಗೆ ಒಳ್ಳೆಯ ಕಟ್ಟಿಗೆ ಇದ್ದಿಲನ್ನು ತೊಳೆದು ಪುಡಿ ಮಾಡಿ ಮಡಕೆಯಲ್ಲಿ ತುಂಬಿ ಅದರ ಮೂಲಕ ನೀರು ನಿಧಾನ ಇಳಿಸಿ. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ಸಣ್ಣ ತೂತುಗಳಿವೆ, ಸೀಸ ಅದರಲ್ಲಿ ಅಂಟಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಇದ್ದಿಲು ಬದಲಿಸಿ.

ಕಾಗದ ಹಿಡಿದು ಬಸ್ಸು ಹತ್ತಿ ಗೇಟ್‌ಹಟ್ಟಿಗೆ ಹೋದೆ. ಈರಕ್ಕನ ಹಟ್ಟಿಯಲ್ಲೇ ಇದ್ದಿಲು ಬೇಕೆಂದು ಸರ್ಕಾರದ ಕಾಗದ ಬಂದರೆ ಹೇಗಿರಬೇಡ!

"ಏನಂದ್ರಿ ಸ್ವಾಮಿ? ನನ್ ಇದ್ಲು ನೀರು ತೊಳೀತೈತಾ?"

"ತೊಳೆಯುತ್ತೆ ಕಣಮ್ಮ. ವಿಷ ಹಿಡಿದಿಟ್ಟುಕೊಳ್ಳುತ್ತೆ."

"ಅಂಜಿನಿ ಹೊಟ್ಟೇದು ನಿಲ್ತೈತಾ ಹಂಗಾರೆ?"

ನಾನು ಆ ಕ್ಷಣಕ್ಕೆ ಡಾಕ್ಟರನಿಗಿಂತ ದೊಡ್ಡವನಾಗಿಬಿಟ್ಟೆ. "ಯಾಕೆ ನಿಲ್ಲಲ್ಲ? ನಾನು ಹೇಳ್ತೀನಿ, ನಿಲ್ಲುತ್ತೆ" ಎಂದೆ.

ಒಂದರ ಮೇಲೊಂದು ಮೂರು ಮಡಕೆ. ಮೇಲಿನದರಲ್ಲಿ ಮರಳು, ನಡುವಿನದರಲ್ಲಿ ಈರಕ್ಕನ ಇದ್ದಿಲು, ಕೆಳಗಿನದರಲ್ಲಿ ಕುಡಿಯುವ ನೀರು. ಇಪ್ಪತ್ತೆರಡು ಮನೆಯಲ್ಲೂ ಕೂರಿಸಿದೆವು. ಸಂಜೆ ನಾನು ವಾಪಸು ಹೊರಟಾಗ ಅವಳು ರಸ್ತೆಯವರೆಗೂ ಬಂದಳು. ಬಸ್ಸು ಬಂದೇಬಿಟ್ಟಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಅವಳು ಕೂಗಿ ಕೇಳಿದಳು: "ಸ್ವಾಮಿ, ಎರಡ್ ತಿಂಗ್ಳಿಗೆ ತೆಗೆದ ಹಳೇ ಇದ್ಲು ಏನ್ ಮಾಡ್ಲಿ?"

ನಾನು ಫುಟ್‌ಬೋರ್ಡ್ ಮೇಲಿಂದ, "ನಿನ್ನಿಷ್ಟ ಕಣಮ್ಮ, ಏನಾದ್ರೂ ಮಾಡ್ಕೋ" ಎಂದೆ. ಬಸ್ಸು ಹೊರಟಿತು.

ಮೂರು ತಿಂಗಳ ಮೇಲೆ ಮಡಕೆಯ ನೀರನ್ನು ಮತ್ತೆ ಲ್ಯಾಬಿಗೆ ಕಳಿಸಿದೆ. ಸೀಸ ಇಲ್ಲವೆನ್ನುವಷ್ಟು ಕಡಿಮೆ, ಕುಡಿಯಬಹುದು ಎಂದು ಬಂತು. ನಾನು ಆ ಕಾಗದವನ್ನು ಕಡೂರಿನ ಮೀಟಿಂಗಿನಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದೆ. ಆದರೆ ಒಂದು ಮಾತು ಈಗ ಒಪ್ಪಿಕೊಳ್ಳಬೇಕು. ಆ ನೀರನ್ನು ನಾನು ಒಂದು ಲೋಟವೂ ಕುಡಿದವನಲ್ಲ. ಚೀಲದಲ್ಲಿ ಮನೆಯ ನೀರಿನ ಬಾಟಲಿ ಇರುತ್ತಿತ್ತು. ಅದನ್ನು ನೋಡಿಯೂ ಈರಕ್ಕ ಏನೂ ಅನ್ನುತ್ತಿರಲಿಲ್ಲ. ನೀರಿನ ಬದಲು ಬೇರೆ ಏನಾದರೂ ಕೊಡುತ್ತಿದ್ದಳು: ಹುರಿಗಾಳು, ಒಂದೆರಡು ಸೌತೆಕಾಯಿ, ಹಲ್ಲುಪುಡಿ.

ಹಲ್ಲುಪುಡಿ ಅವಳ ತವರಿನ ರೂಢಿ. ಇದ್ದಿಲು ಕುಟ್ಟಿ, ಉಪ್ಪು, ಲವಂಗ, ಜಾಲಿ ಚಕ್ಕೆ ಸೇರಿಸಿ, ಸೀರೆ ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಹಟ್ಟಿಯವರೆಲ್ಲ ಬೇವಿನ ಕಡ್ಡಿಯವರು, ಅಳಿಯ ಬೀರಯ್ಯನೂ ಸೇರಿ. ಪುಡಿ ಅವಳಿಗೆ, ಮಗಳಿಗೆ, ಮತ್ತೆ ನನಗೆ. ಅಬ್ಬಾ, ಏನು ಪುಡಿ! ಒಂದು ಚೂರು ಹರಳಿಲ್ಲ, ಬಾಯಿತುಂಬ ಲವಂಗದ ಘಮ. "ಈರಕ್ಕ, ಅಂಗಡಿ ಪೇಸ್ಟನ್ನೆಲ್ಲ ಇದರ ಮುಂದೆ ನಿವಾಳಿಸಿ ಎಸೀಬೇಕು" ಎಂದು ಹೊಗಳಿದೆ. ಅವಳು ಹಿಗ್ಗಿ ತಿಂಗಳಿಗೊಂದು ಡಬ್ಬಿ ಕಳಿಸತೊಡಗಿದಳು. ನನ್ನ ಹೆಂಡತಿ ತೀರ್ಥಮ್ಮ ಮಾತ್ರ ಅದನ್ನು ಮುಟ್ಟಲಿಲ್ಲ. ಬೆಳ್ಳಗಿರುವ ಹಲ್ಲಿಗೆ ಮಸಿ ಯಾಕೆ ಬಳಿದುಕೊಳ್ಳುತ್ತೀರಿ ಎಂದು ಆಡಿಕೊಳ್ಳುತ್ತಿದ್ದಳು.

ಎಂಬತ್ತನಾಲ್ಕರ ಸಂಕ್ರಾಂತಿ ಕಳೆದ ಮೇಲೆ ಅಂಜಿನಮ್ಮ ಮತ್ತೆ ಬಸುರಿ ಎಂದು ತಿಳಿಯಿತು. ಈರಕ್ಕ ಯಾರಿಗೂ ಹೇಳಬೇಡಿ ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡು, ಆಮೇಲೆ ತಾನೇ ಬೀರೂರಿನ ಇಸ್ತ್ರಿಯವರಿಗೆಲ್ಲ ಹೇಳಿಬಿಟ್ಟಳು. ಐದನೇ ತಿಂಗಳು ಬಂತು. ಆ ತಿಂಗಳು ಅವಳು ಮೂಟೆ ಹೊರಲಿಲ್ಲ, ಬೀರೂರಿಗೆ ಹೋಗಲಿಲ್ಲ, ಮಗಳ ಪಕ್ಕ ಬಿಟ್ಟು ಏಳಲಿಲ್ಲ. ಐದು ಕಳೆಯಿತು. ನಾನು ಹೋದಾಗ ನನ್ನ ಕೈಗೆ ಬೆಲ್ಲದ ಉಂಡೆ ಇಟ್ಟು, "ನೀವ್ ಹೇಳಿದ್ ಮಾತು ನಿಲ್ತು ಸ್ವಾಮಿ" ಎಂದು ಅತ್ತಳು. ನನಗೂ ಕಣ್ಣು ತುಂಬಿತು.

ಆರನೇ ತಿಂಗಳಿಗೆ ಅಂಜಿನಮ್ಮನಿಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ನಾಲ್ಕು ದಿನವಾದರೂ ಬಹಿರ್ದೆಸೆ ಇಲ್ಲ, ಮುಖ ಬಿಳುಚಿಕೊಂಡಿತ್ತು. ಒಂದು ದಿನ ಬಲಗೈಯಲ್ಲಿ ಹಿಡಿದ ತಂಬಿಗೆ ತಾನಾಗಿ ಜಾರಿ ಬಿತ್ತು. ತರೀಕೆರೆಗೆ ಕರೆದುಕೊಂಡು ಹೋದೆವು. ಲೇಡಿ ಡಾಕ್ಟರ್ ಕಾಮಾಕ್ಷಮ್ಮ ನಾಲಿಗೆ, ಕಣ್ಣು, ವಸಡು ಎಲ್ಲ ನೋಡಿ, "ಇದ್ದಿಲಲ್ಲಿ ಹಲ್ಲು ಉಜ್ಜುತ್ತೀಯಾ?" ಎಂದರು. ಹೂಂ ಎಂದಳು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಇದೆಲ್ಲ ಸೀಸದ ಲಕ್ಷಣ ಎಂದು ನನಗೆ ಗೊತ್ತಿತ್ತು. ಬಾವಿಯ ವರದಿ ಬಂದಾಗಲೇ ಪುಸ್ತಕ ಹುಡುಕಿ ಓದಿಕೊಂಡಿದ್ದೆ. ಆದರೆ ಎಲ್ಲಿಂದ? ನೀರು ಮತ್ತೆ ಲ್ಯಾಬಿಗೆ ಹೋಯಿತು, ಈ ಸಲ ತಂತಿ ಹೊಡೆದು ಕಾಡಿ ಹದಿನೈದು ದಿನದಲ್ಲಿ ಉತ್ತರ ತರಿಸಿದೆ. ನೀರು ಚೆನ್ನಾಗಿದೆ. ಅಯ್ಯೋ ಶಿವನೇ! ಹಾಗಾದರೆ ಪಾತ್ರೆಗೆ ಹಾಕಿದ ಕಲಾಯಿಯೇ? ಕಲಾಯಿಯವನನ್ನು ಸಂತೆಯಲ್ಲಿ ಹಿಡಿದು ಬೈದೆ. ಅವನು ಪಾಪ ಆ ಮನೆಯ ಪಾತ್ರೆ ಮುಟ್ಟಿಯೇ ಇರಲಿಲ್ಲ. ಕುಂಕುಮ ಬದಲಿಸು ಎಂದೆ, ಬಳೆ ತೆಗೆ ಎಂದೆ. ಬಸುರಿ ಹೆಂಗಸಿನ ಬಳೆ ತೆಗೆಸುತ್ತಾನೆ ಎಂದು ಹಟ್ಟಿಯವರು ನನ್ನನ್ನು ಹೊಡೆಯುವುದೊಂದು ಬಾಕಿ. ಬಾವಿ ಹಗ್ಗ, ಒಲೆಯ ಬೂದಿ, ಹಿತ್ತಲ ಸೊಪ್ಪು, ಒಂದೊಂದು ದಿನ ಒಂದೊಂದರ ಮೇಲೆ ಗುಮಾನಿ. ಬೀರಯ್ಯ ಅದೇ ಮಡಕೆಯ ನೀರು ಕುಡಿದು, ಅದೇ ಮುದ್ದೆ ತಿಂದು, ಹಳಿಯ ಮೇಲೆ ದಿನಕ್ಕೆ ಹತ್ತು ಗಂಟೆ ಸುತ್ತಿಗೆ ಬೀಸುತ್ತಿದ್ದ. ಅವನಿಗೆ ಒಂದು ತಲೆನೋವೂ ಇಲ್ಲ. ಈರಕ್ಕನಿಗೆ ಮಾತ್ರ ಆಗಾಗ ಹೊಟ್ಟೆ ಹಿಂಡುತ್ತಿತ್ತಂತೆ, ವಯಸ್ಸಾಯ್ತು ಎಂದು ಬೆಳ್ಳುಳ್ಳಿ ನುಂಗಿ ಸುಮ್ಮನಾಗುತ್ತಿದ್ದಳು. ನನಗೂ ಆ ತಿಂಗಳು ಊಟ ಸೇರುತ್ತಿರಲಿಲ್ಲ, ಚಿಂತೆಗೆ ಹೀಗೆ ಎಂದುಕೊಂಡೆ.

"ನೀರು ಚೆಂದಾಗೈತೆ ಅಂತೀರ, ಮಗಳು ಹಿಂಗ್ ಒದ್ದಾಡ್ತಾಳೆ. ಯಾವ್ದು ನಿಜ ಸ್ವಾಮಿ?" ಎಂದು ಈರಕ್ಕ ಕೇಳಿದಳು.

"ಎರಡೂ ನಿಜ" ಎಂದೆ.

"ಎರಡೂ ಹೆಂಗ್ ನಿಜ ಆಗ್ತವೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ನೋಡೋಣ ನೋಡೋಣ ಎಂದು ಗೊಣಗಿ ಎದ್ದು ಬಂದೆ.

ಕೊನೆಗೆ ಶಿವಮೊಗ್ಗದಲ್ಲಿ ಹನುಮಂತಯ್ಯ ಎಂಬ ವಯಸ್ಸಾದ ಡಾಕ್ಟರ ಹತ್ತಿರ ಹೋದೆವು. ಅವರು ಮಾತಾಡದೆ ಹತ್ತಿಯನ್ನು ಒದ್ದೆ ಮಾಡಿ ಅಂಜಿನಮ್ಮನ ವಸಡನ್ನು ಚೆನ್ನಾಗಿ ಉಜ್ಜಿದರು. ಹತ್ತಿ ಕಪ್ಪಾಯಿತು. ಇನ್ನೊಂದು ತುಂಡಿನಿಂದ ಮತ್ತೆ ಉಜ್ಜಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ತುಟಿ ಎತ್ತಿ ತೋರಿಸಿದರು. ಇದ್ದಿಲ ಮಸಿಯೆಲ್ಲ ಹೋಗಿತ್ತು. ಹಲ್ಲಿನ ಬುಡಕ್ಕೆ ಒತ್ತಿಕೊಂಡಂತೆ, ಪೆನ್ಸಿಲಿನಲ್ಲಿ ಎಳೆದ ಹಾಗೆ, ಒಂದು ಸಣ್ಣ ನೀಲಿ ಗೆರೆ ಮಾತ್ರ ಹೋಗಿರಲಿಲ್ಲ.

"ಇದು ಸೀಸದ ಗೆರೆ. ಹಳೇದಲ್ಲ, ಈಗಲೂ ಒಳಗೆ ಹೋಗ್ತಾ ಇದೆ. ಎಲ್ಲಿಂದ ಅಂತ ಹುಡುಕಿ ಇನ್ಸ್‌ಪೆಕ್ಟ್ರೇ. ಅದು ನಿಲ್ಲದಿದ್ರೆ ಈ ಮಗುವನ್ನ ನಾನು ಉಳಿಸೋಕಾಗಲ್ಲ" ಎಂದರು. ಅಲ್ಲೇ ಉಳಿ ಎಂದರೆ ಅಂಜಿನಮ್ಮ ಒಪ್ಪಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಈರಕ್ಕ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಸೆರಗಿನಿಂದ ಗಾಳಿ ಹಾಕಿದಳು.

ಮಾರನೆಯ ಬೆಳಿಗ್ಗೆ ನಾನು ಬಚ್ಚಲ ಕನ್ನಡಿ ಮುಂದೆ ಹಲ್ಲುಜ್ಜುತ್ತಿದ್ದೆ. ಮನಸ್ಸೆಲ್ಲ ಆ ನೀಲಿ ಗೆರೆಯ ಮೇಲೇ ಇತ್ತು. ಬಾಯಿ ಮುಕ್ಕಳಿಸಿ, ಯಾಕೆ ಅಂತ ಇಂದಿಗೂ ಹೇಳಲಾರೆ, ಟವೆಲಿನ ತುದಿಯಿಂದ ನನ್ನ ವಸಡನ್ನೂ ಒರೆಸಿ ತುಟಿ ಎತ್ತಿ ನೋಡಿದೆ. ಹಲ್ಲಿನ ಬುಡದಲ್ಲಿ ಸಣ್ಣದೊಂದು ಗೆರೆ. ಮತ್ತೆ ಒರೆಸಿದೆ. ತೀರ್ಥಮ್ಮನನ್ನು ಕರೆದೆ.

"ಇದೇನು ಇಲ್ಲಿ?"

"ಮಸಿ. ನಿಮ್ಮ ಈರಕ್ಕನ ಮಸಿ."

"ಒರೆಸಿದೆನಲ್ಲೇ, ನೋಡು ಸರಿಯಾಗಿ!"

"ಹೋಗ್ತಿಲ್ಲವಲ್ಲ ಕಣ್ರೀ" ಎಂದಳು. ಅವಳ ದನಿ ಬದಲಾಯಿತು.

ಗೇಟ್‌ಹಟ್ಟಿಯ ನೀರು ಕುಡಿಯದವನು ನಾನು. ಅಲ್ಲಿಯ ಪಾತ್ರೆಯಲ್ಲಿ ಉಣ್ಣದವನು. ಆ ಬಾವಿಗೂ ನನಗೂ ಇದ್ದ ನಂಟು ನನ್ನ ಕೈಯಲ್ಲೇ ಇತ್ತು, ಡಬ್ಬಿಯಲ್ಲಿ, ಲವಂಗದ ಘಮದ ಜೊತೆ. ಬೇವಿನ ಕಡ್ಡಿಯ ಬೀರಯ್ಯ ಯಾಕೆ ಗಟ್ಟಿಯಾಗಿದ್ದ ಎಂಬುದೂ ಆಗಲೇ ಹೊಳೆಯಿತು. ಬಸ್ಸಿಗೆ ಕಾಯಲಿಲ್ಲ, ಸೈಕಲ್ ತುಳಿದೆ.

ಈರಕ್ಕ ಅಂಗಳದಲ್ಲಿ ಮೊರದ ತುಂಬ ಇದ್ದಿಲು ಹರಡಿ ಬಿಸಿಲಿಗೆ ಇಟ್ಟಿದ್ದಳು. ಒದ್ದೆ ಇದ್ದಿಲು. ಪಕ್ಕದಲ್ಲಿ ಒರಳು.

"ಈರಕ್ಕ, ಹಲ್ಲುಪುಡಿಗೆ ಯಾವ ಇದ್ದಿಲು ಹಾಕ್ತೀಯಾ?"

"ಇದೇ ಸ್ವಾಮಿ, ಮಡಕೇದು" ಎಂದಳು ಹೆಮ್ಮೆಯಿಂದ. "ಹೊಸಾ ಇದ್ಲಾಗೆ ಬೂದಿ ಇರ್ತೈತೆ, ಹರಳು ಇರ್ತೈತೆ. ಇದು ಎರಡು ತಿಂಗ್ಳು ನೀರಾಗೆ ತೊಳ್ದು ತೊಳ್ದು ಬಂದಿರೋದು. ಇದಕ್ಕಿಂತ ಚೊಕ್ಕ ಇದ್ಲು ಇನ್ಯಾವ್ದೈತೆ? ಎಲ್ಲಾರ ಮನೇದೂ ತಂದಿಟ್ಕಂಡಿದೀನಿ, ಸುಮ್ನೆ ಚೆಲ್ಲಾಕೆ ನಂಗ್ ಮನಸ್ಸಾಗಲ್ಲ. ಅಂಜಿನಿಗಂತೂ ಬಸುರಿ ಬಯಕೆ, ಉಜ್ಜೋ ನೆಪದಾಗೆ ಎರಡು ಚಿಟಿಕೆ ನುಂಗೇ ನುಂಗ್ತಾಳೆ. ಕಣ್ಣಿಗೆ ಬಿದ್ರೂ ಬೈಯಲ್ಲ ನಾನು."

ನಾನು ಮೊರವನ್ನು ಒದ್ದೆ. ಹೌದು, ಒದ್ದೆ, ನಾಚಿಕೆಯಾಗುತ್ತದೆ ಹೇಳಲು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕೂತು, ಇದ್ದಿಲು ಸೀಸವನ್ನು ನೀರಿನಿಂದ ತೆಗೆದು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಅದನ್ನು ಕೊಲ್ಲುವುದಿಲ್ಲ, ಎಂದು ಅವಳಿಗೆ ತಿಳಿಯುವ ಹಾಗೆ ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಅವಳ ಕೈ ತನ್ನ ಬಾಯಿಯ ಮೇಲೆ ಹೋಯಿತು. ಒಳಗೆ ಮಲಗಿದ್ದ ಮಗಳ ಕಡೆ ನೋಡಿದಳು.

"ನನ್ ಕೈಯಾರೆ ಕುಟ್ಟಿ ಕೊಟ್ನಲ್ಲ ಸ್ವಾಮಿ" ಎಂದಳು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿ ಅರ್ಥವಾಗದವಳ ಹಾಗೆ ಕೇಳಿದಳು: "ಅವತ್ತು ನಾನ್ ಕೇಳಿದ್ನಲ್ಲ, ಹಳೇದ್ ಏನ್ ಮಾಡ್ಲಿ ಅಂತ. ನಿಮಗ್ ಗೊತ್ತಿತ್ತಾ? ಗೊತ್ತಿದ್ದು ಹೇಳಲಿಲ್ವಾ, ಗೊತ್ತಿರಲಿಲ್ವಾ?"

ಬಸ್ಸು ಹೊರಟಿತ್ತು ಎನ್ನುವ ನೆಪವನ್ನು ನುಂಗಿ, ಚೆಲ್ಲಿದ ಇದ್ದಿಲನ್ನು ಮೊರಕ್ಕೆ ಬಾಚತೊಡಗಿದೆ.

ಪುಡಿ ಅಂದೇ ನಿಂತಿತು. ಅಂಜಿನಮ್ಮನನ್ನು ಬಲವಂತವಾಗಿ ಶಿವಮೊಗ್ಗಕ್ಕೆ ಸೇರಿಸಿದೆವು. ಎಂಟನೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು, ಅಂಗೈಯಗಲ, ಆದರೆ ಜೀವಂತ. ಪಾಪಮ್ಮ ಎಂದು ಹೆಸರಿಟ್ಟರು. ಈರಕ್ಕ ಮಗುವನ್ನು ಎತ್ತಿಕೊಂಡಳೇ ಹೊರತು ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಲ್ಯಾಬಿಗೆ ಮತ್ತೆ ಬರೆದೆ: ಹಳೇ ಇದ್ದಿಲನ್ನು ಏನು ಮಾಡಬೇಕು? ಜ್ಞಾಪನ ಪತ್ರವನ್ನೂ ಬರೆದೆ. ನೀರಿನ ಬಗ್ಗೆ ಉತ್ತರ ಬರುತ್ತಿತ್ತು, ಇದರ ಬಗ್ಗೆ ಬರಲಿಲ್ಲ. ಅದಾಗುವುದರೊಳಗೆ ನನಗೆ ವರ್ಗವಾಯಿತು. ಈರಕ್ಕ ಕಾಯುತ್ತಾ ಕೂರಲಿಲ್ಲ. ಸುಟ್ಟರೆ ಹೊಗೆಯಲ್ಲಿ ಬರುತ್ತೇನೋ, ಹೂತರೆ ಬಾವಿಗೇ ಇಳಿಯುತ್ತೇನೋ ಎಂದು ಅವಳಿಗೇ ಹೊಳೆದಿತ್ತು. ಪ್ರತಿ ಎರಡು ತಿಂಗಳಿಗೆ ಇಪ್ಪತ್ತೆರಡು ಮನೆಯ ಇದ್ದಿಲು ತಂದು, ದೊಡ್ಡ ಮಡಕೆಗಳಿಗೆ ಒತ್ತಿ ತುಂಬಿ, ಬಾಯಿಗೆ ಮುಚ್ಚಳ ಇಟ್ಟು ಸಗಣಿ ಮಣ್ಣು ಮೆತ್ತಿ, ಹಿತ್ತಲ ಎತ್ತರದ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಮೇಲೆ ಹುಲ್ಲಿನ ಚಪ್ಪರ, ಸುತ್ತ ಮುಳ್ಳಿನ ಬೇಲಿ. ಗೇಟ್‌ಹಟ್ಟಿಯ ಕೋಳಿ ಕೂಡ ಅತ್ತ ಸುಳಿಯುವಂತಿರಲಿಲ್ಲ.

ಎಂಬತ್ತೊಂಬತ್ತರಲ್ಲಿ ಒಮ್ಮೆ ಅಮೃತಾಪುರದ ನೆಂಟರ ಮನೆಗೆ ಬಂದವನು ಹಾಗೇ ಗೇಟ್‌ಹಟ್ಟಿಗೂ ಹೋದೆ. ಹಟ್ಟಿಗೆ ಬೋರ್‌ವೆಲ್ ಬಂದು ಆರು ತಿಂಗಳಾಗಿತ್ತು. ಮಡಕೆ ಫಿಲ್ಟರಿನ ಕೆಲಸ ಮುಗಿದಿತ್ತು. ಈರಕ್ಕನ ತಲೆ ಪೂರ್ತಿ ನರೆತಿತ್ತು. ಪಾಪಮ್ಮನಿಗೆ ಐದು ವರ್ಷ ಆಗುತ್ತಾ ಬಂದಿತ್ತು. ದುಂಡು ಮುಖ, ನನ್ನ ಕನ್ನಡಕ ಕಿತ್ತುಕೊಂಡು ನಕ್ಕಿತು. ಮಾತು ಮಾತ್ರ ಎರಡೋ ಮೂರೋ. ಅವ್ವ, ಬಾ, ಕೂ. ಕೂ ಅಂದರೆ ರೈಲು.

"ಇವಳ ಓರಿಗೆಯೋರು ಮಗ್ಗಿ ಹೇಳ್ತವೆ" ಎಂದಳು ಈರಕ್ಕ. "ಇದು ಅದ್ರಿಂದಾನಾ ಸ್ವಾಮಿ, ಇಲ್ಲಾ ಸುಮ್ನೆ ತಡವಾಗಿ ಬರ್ತೈತಾ?"

"ಗೊತ್ತಿಲ್ಲ ಈರಕ್ಕ" ಎಂದೆ. ಡಾಕ್ಟರ್ ಹನುಮಂತಯ್ಯನವರನ್ನೂ ಅವಳು ಕೇಳಿದ್ದಳಂತೆ, ಅವರೂ ಇದನ್ನೇ ಹೇಳಿದ್ದರಂತೆ. ಅವಳು ತಲೆಯಾಡಿಸಿದಳು. ಕಾಫಿ ಕೊಟ್ಟಳು. ಬೋರ್‌ವೆಲ್ ನೀರಿನದು ಎಂದು ಹೇಳಿಯೇ ಕೊಟ್ಟಳು. ಯಾವ ನೀರಾದರೇನು ಎಂದು ನಾನು ಪೂರ್ತಿ ಕುಡಿದೆ.

ಸಂಜೆ ರಸ್ತೆಯವರೆಗೂ ಬಂದಳು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ಅವಳು ಹಿತ್ತಲ ಕಡೆ ತಿರುಗಿ ನೋಡಿ ಹೇಳಿದಳು: "ನಲವತ್ತೇಳು ಮಡಕೆ ಅವೆ ಸ್ವಾಮಿ. ನಾನ್ ಇರೋಗಂಟ ನೋಡ್ಕಂತೀನಿ. ಆಮೇಲೆ ಇವಳಿಗೆ ಹೇಳ್ಕೊಡೋಣ ಅಂದ್ರೆ ಇವಳಿಗೆ ತಿಳಿಯಾಕಿಲ್ಲ. ಅವನ್ನ ಏನ್ ಮಾಡ್ಲಿ?"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಸೀಟಿ ಊದಿದ, ಬರ್ತೀರೇನ್ರೀ ಎಂದು ಕೂಗಿದ. ನಾನು ಹೋಗು ಎಂದು ಕೈ ಬೀಸಿದೆ. ಅದು ತರೀಕೆರೆಗೆ ಕೊನೇ ಬಸ್ಸು. ಮಗುವನ್ನು ಅವಳ ಕೈಯಿಂದ ಎತ್ತಿಕೊಂಡು, "ನಡಿ ಈರಕ್ಕ, ಮೊದಲು ನೋಡೋಣ ಅವನ್ನ" ಎಂದು ಹಿತ್ತಲ ಕಡೆ ಹೊರಟೆ.